ಲಿಪಿಡ್ ಪ್ರೊಫೈಲ್‌ನಲ್ಲಿ ಅಡಗಿರೋ ವಂಶವೃಕ್ಷ

ಲಿಪಿಡ್ ಪ್ರೊಫೈಲ್ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ ಅಂತ ಒಂದು ಸಾಲು ಇರುತ್ತಲ್ಲ, ಇವತ್ತಿನ ಕಥೆ ಅದರದ್ದು. ಅಲ್ಲಿ ಅಂಕಿ ಜಾಸ್ತಿ ಬಂತು ಅಂದ್ರೆ ಮನೆಯಲ್ಲಿ ಮೊದಲು ಬೈಸಿಕೊಳ್ಳೋದು ತುಪ್ಪ, ಆಮೇಲೆ ಬೋಂಡಾ. ಕೆಲವು ಮನೆಗಳಲ್ಲಿ ಮಾತ್ರ ಅದು ಅಪ್ಪ ಅಥವಾ ಅಮ್ಮನಿಂದ ಹುಟ್ಟುವಾಗಲೇ ಬಂದಿರುತ್ತೆ. ಇದು ಗೊತ್ತಾಗಿದ್ದು ಹೇಗೆ?

1938, ನಾರ್ವೆಯ ಓಸ್ಲೋ. ಕಾರ್ಲ್ ಮುಲ್ಲರ್ ಅನ್ನೋ ವೈದ್ಯರು 17 ಕುಟುಂಬಗಳನ್ನು ನೋಡಿ ಬರೆದರು. ಹಿಮ್ಮಡಿಯ ಹಿಂದೆ, ಕೈಬೆರಳುಗಳ ಮೇಲೆ ಕೊಬ್ಬಿನ ಗಂಟು, ರಕ್ತದಲ್ಲಿ ವಿಪರೀತ ಕೊಲೆಸ್ಟ್ರಾಲ್, ಹೃದಯದ ಕಾಯಿಲೆ. ಈ ಮೂರೂ ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರ್ತಿದ್ದವು.

ಮುಂದಿನ ಹೆಜ್ಜೆ ಲೆಬನಾನ್‌ನ ಬೈರೂತ್‌ನಲ್ಲಿ, 1964ರಲ್ಲಿ. ಸಂಬಂಧದಲ್ಲೇ ಮದುವೆಯಾಗೋ ಕುಟುಂಬಗಳ ರಕ್ತವನ್ನು ಅವೆಡಿಸ್ ಖಚಾದೂರಿಯನ್ ಪರೀಕ್ಷಿಸಿದರು. ಜೀನ್ ಓದೋ ಯಂತ್ರ ಆಗ ಇರಲಿಲ್ಲ, ಇದ್ದದ್ದು ಕೊಲೆಸ್ಟ್ರಾಲ್ ಅಂಕಿ ಮಾತ್ರ. ಬಿಕಾಂ ಓದಿದ ನನಗೆ ಬಹಳ ಹಿಡಿಸಿದ್ದು ಇದೇ ಜಾಗ: ಅಂಕಿಗಳು ತಾವಾಗಿಯೇ ಮೂರು ಗುಂಪಾದವು. ಕೆಲವರಿಗೆ ಮಾಮೂಲಿ. ಕೆಲವರಿಗೆ ಸುಮಾರು ಎರಡರಷ್ಟು, ಅಂದ್ರೆ ದೋಷ ಒಬ್ಬ ಪೋಷಕರಿಂದ ಬಂದಿದೆ. ಕೆಲವು ಮಕ್ಕಳಿಗೆ ಸುಮಾರು ನಾಲ್ಕರಷ್ಟು, ಅಂದ್ರೆ ಇಬ್ಬರಿಂದಲೂ. ಸೋದರಮಾವ, ಅತ್ತೆ ಮಗ ಅಂತ ಮದುವೆ ಮಾಡೋ ನಮ್ಮ ಕಡೆಯವರೂ ಇದನ್ನ ಗಮನಿಸಬೇಕು.

ಆದರೆ ಎಲ್‌ಡಿಎಲ್ ಅನ್ನು ಬೇರೆ ಮಾಡಿ ಅಳೆಯೋಕೆ ಅತಿ ವೇಗದ ಸೆಂಟ್ರಿಫ್ಯೂಜ್ ಬೇಕಿತ್ತು. ಅದು ಊರೂರ ಲ್ಯಾಬ್‌ನಲ್ಲಿ ಇರೋ ಸಾಮಾನಲ್ಲ. 1972ರಲ್ಲಿ ಅಮೆರಿಕದ ಫ್ರೀಡ್ವಾಲ್ಡ್, ಲೆವಿ, ಫ್ರೆಡ್ರಿಕ್ಸನ್ ಒಂದು ಸುಲಭ ಲೆಕ್ಕ ಕೊಟ್ಟರು: ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯಿರಿ. ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದ್ರೆ ಈ ಲೆಕ್ಕ ನಡೆಯಲ್ಲ. ಆದರೂ ದೊಡ್ಡ ಯಂತ್ರ ಇಲ್ಲದ ಲ್ಯಾಬ್‌ಗೂ ಎಲ್‌ಡಿಎಲ್ ಸಿಕ್ಕಿತು.

ಅದೇ ದಶಕದಲ್ಲಿ ಡಲ್ಲಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಕಾರಣ ಹುಡುಕಿದರು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳೋ ರಿಸೆಪ್ಟರ್ ಇವರಲ್ಲಿ ಕಡಿಮೆ, ಅಥವಾ ಕೆಟ್ಟಿರುತ್ತೆ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ನಮ್ಮ ವಿಷಯ. ದೊಡ್ಡವರಲ್ಲಿ ಎಲ್‌ಡಿಎಲ್ 190 ಅಥವಾ ಮೇಲಿದ್ರೆ, ಮನೆಯಲ್ಲಿ ಯಾರಿಗಾದ್ರೂ ಸಣ್ಣ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ರೆ, ವೈದ್ಯರು ಈ ವಂಶವಾಹಿ ಕಾಯಿಲೆಯನ್ನು ಅನುಮಾನಿಸ್ತಾರೆ. ಥೈರಾಯ್ಡ್, ಕಿಡ್ನಿ ತೊಂದರೆಯಿಂದಲೂ ಅಂಕಿ ಏರಬಹುದು, ಅದಕ್ಕೇ ಅವನ್ನೂ ನೋಡ್ತಾರೆ. ಒಬ್ಬ ಪೋಷಕರಲ್ಲಿ ಇದ್ದರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ತೆಳ್ಳಗಿದ್ದೀನಿ, ಜಿಮ್‌ಗೆ ಹೋಗ್ತೀನಿ ಅಂದ್ರೆ ಜೀನ್ ಕೇಳಲ್ಲ. ಬೇಗ ಗೊತ್ತಾದ್ರೆ ಮಾತ್ರೆ ಇದೆ.

ಖಚಾದೂರಿಯನ್ ಮಾಡಿದ್ದು ಇಷ್ಟೇ, ಇಡೀ ಮನೆಯವರ ಅಂಕಿಗಳನ್ನ ಒಟ್ಟಿಗೆ ಇಟ್ಟು ನೋಡಿದ್ದು. ಅಪ್ಪನ ರಿಪೋರ್ಟ್‌ನಲ್ಲಿ ಆ ಅಂಕಿ ಕಂಡ್ರೆ ಅಕ್ಕ, ತಮ್ಮ, ನೀವು, ಎಲ್ಲರೂ ಒಂದ್ಸಲ ರಕ್ತ ಕೊಟ್ಟು ಬನ್ನಿ.