ಚಾಂದನಿ ಚೌಕದ ಗಡಿಯಾರ ಗೋಪುರ: ನಿರ್ಲಕ್ಷ್ಯ ರುಜುವಾತಾದ ಬಗೆ

ದೆಹಲಿ ನಗರಪಾಲಿಕೆ ವಿರುದ್ಧ ಸುಭಾಗವಂತಿ ಪ್ರಕರಣದ 1966ರ ತೀರ್ಪನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ಉಸಿರಿಗೆ ಮುಗಿಸುತ್ತವೆ: ಗೋಪುರ ಕುಸಿಯಿತು, ಕುಸಿತವೇ ನಿರ್ಲಕ್ಷ್ಯವನ್ನು ಸಾರಿತು, ಪಾಲಿಕೆ ಸೋತಿತು. 'ರೆಸ್ ಇಪ್ಸಾ ಲೋಕ್ವಿಟರ್' ಎಂಬ ಶೀರ್ಷಿಕೆಯಡಿ, 1863ರ ಬರ್ನ್ ವಿರುದ್ಧ ಬೋಡ್ಲ್ ಪ್ರಕರಣದ ಹಿಟ್ಟಿನ ಪೀಪಾಯಿಯ ಪಕ್ಕದಲ್ಲೇ ಇದಕ್ಕೂ ಜಾಗ. ಸಾಕ್ಷ್ಯದ ಭಾಗವನ್ನು ಹಾರಿಸಿ ಓದಿದರೆ ಮಾತ್ರ ಈ ಜೋಡಣೆ ನಿಲ್ಲುತ್ತದೆ.

ಪೀಪಾಯಿ ಏಕೆ ಉರುಳಿತೆಂದು ಹೇಳುವ ಸಾಕ್ಷಿ ಅಲ್ಲಿ ಇರಲಿಲ್ಲ. 1951ರ ಏಪ್ರಿಲ್ 6ರಂದು ಬಿದ್ದ ಗೋಪುರದ ವಿಷಯದಲ್ಲಿ ಇದ್ದರು: ಲೋಕೋಪಯೋಗಿ ಇಲಾಖೆಯ ನಿವೃತ್ತ ಮುಖ್ಯ ಎಂಜಿನಿಯರು. ಕಟ್ಟಡಕ್ಕೆ ಸುಮಾರು 80 ವರ್ಷ. ಆ ಬಗೆಯ ಗಾರೆಯಲ್ಲಿ ಕಟ್ಟಿದ ಮೇಲಂತಸ್ತಿನ ಸಹಜ ಆಯುಷ್ಯ 40ರಿಂದ 45 ವರ್ಷ ಮಾತ್ರ. ಕಮಾನುಗಳ ಒತ್ತಡಕ್ಕೆ ಮೇಲ್ಭಾಗ ಬಿದ್ದಿತೆಂದು ಅವರು ಹೇಳಿದರು. ಕುಸಿದ ಮೇಲೆ ಗಾರೆಯನ್ನು ಕೈಗೆತ್ತಿಕೊಂಡು ನೋಡಿದಾಗ ಅದು ಅಂಟುಗುಣವೇ ಇಲ್ಲದ ಪುಡಿಯಾಗಿತ್ತು. ಇಷ್ಟು ಸಾಕ್ಷ್ಯ ದಾಖಲಾದ ಮೇಲೆ ಮೂಕ ಘಟನೆಯಿಂದ ಊಹೆ ತೆಗೆಯುವ ಅಗತ್ಯವೆಲ್ಲಿ ಉಳಿಯಿತು? ಬಸ್ಸಿನ ಟೈರು ಸಿಡಿದ ಬಾರ್ಕ್‌ವೇ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1950ರಲ್ಲೇ ಇದನ್ನು ಬಿಡಿಸಿ ಹೇಳಿತ್ತು: ಸಂಗತಿಗಳು ಸಾಕಷ್ಟು ತಿಳಿದಿದ್ದರೆ ಆ ಸೂತ್ರಕ್ಕೆ ಕೆಲಸವಿಲ್ಲ. (ಬಾರ್ಕ್‌ವೇಯನ್ನು ಅಡಿಟಿಪ್ಪಣಿಗೆ ತಳ್ಳುವವರೇ ಸುಭಾಗವಂತಿಯನ್ನು ತಲೆಬರಹಕ್ಕೆ ಏರಿಸಿದ್ದಾರೆ.)

ಸೂತ್ರವನ್ನು ಹೈಕೋರ್ಟ್ ಅನ್ವಯಿಸಿತ್ತು, ಸುಪ್ರೀಂ ಕೋರ್ಟ್ ಒಪ್ಪಿತು, ಅದನ್ನು ಅಲ್ಲಗಳೆಯುತ್ತಿಲ್ಲ. ಅದು ತಪ್ಪೆಂಬುದು ಮೇಲ್ಮನವಿಯಲ್ಲಿ ಪಾಲಿಕೆಯದೇ ವಾದ; ಹಾಗಾಗಿ ಉತ್ತರ ಕೊಡಲೇಬೇಕಿತ್ತು. ಆದರೆ ನ್ಯಾಯಮೂರ್ತಿ ರಾಮಸ್ವಾಮಿ ಅಲ್ಲಿಗೆ ನಿಲ್ಲಲಿಲ್ಲ. 1940ರ ರಿಂಜ್ ವಿರುದ್ಧ ಕೋಹೆನ್ ತೀರ್ಪಿನ ಆಧಾರದಲ್ಲಿ, ಹೆದ್ದಾರಿಯ ಪಕ್ಕದ ಕಟ್ಟಡ ಶಿಥಿಲವಾಗಿ ದಾರಿಹೋಕರಿಗೆ ಹಾನಿಯಾದರೆ ಅಪಾಯ ತನಗೆ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ ಎಂಬ ಸಮರ್ಥನೆ ಮಾಲೀಕನಿಗೆ ದಕ್ಕದೆಂದರು. ದೋಷ ಕಣ್ಣಿಗೆ ಕಂಡರೂ ಅಡಗಿದ್ದರೂ ಒಂದೇ. ಈ ನೆಲೆಯಲ್ಲಿ ವಾದಿ ನಿರ್ಲಕ್ಷ್ಯವನ್ನು ರುಜುವಾತುಪಡಿಸಬೇಕಾದ ಪ್ರಮೇಯವೇ ಕರಗುತ್ತದೆ. ನಿರ್ಲಕ್ಷ್ಯದ ರುಜುವಾತಿಗೆ ಮಾದರಿಯೆಂದು ತೋರಿಸುವ ತೀರ್ಪಿನ ಅರ್ಧಭಾಗ ಆ ರುಜುವಾತೇ ಬೇಡವೆನ್ನುತ್ತದೆ!

ನನ್ನ ಒಲವು ಇನ್ನೊಂದು ದಿಕ್ಕಿನದು. ಗೋಪುರದ ತಪಾಸಣೆ ಸರಿಯಾಗಿ ನಡೆದಿತ್ತೆಂಬುದಕ್ಕೆ ಹೇಳಿಕೊಳ್ಳುವಂಥ ಸಾಕ್ಷ್ಯವೇ ಹಾಜರಾಗಲಿಲ್ಲ. ಪಾಲಿಕೆಯ ಎಂಜಿನಿಯರಿಗೆ ಗೋಪುರದ ವಯಸ್ಸನ್ನು ಹೇಳಲೂ ಆಗಲಿಲ್ಲ. ಬಿರುಗಾಳಿಯೋ ಭೂಕಂಪವೋ ಆಗಿತ್ತೆಂದು ಯಾರೂ ಹೇಳಲಿಲ್ಲ. ಕೈಯಲ್ಲಿದ್ದ ಸಾಕ್ಷ್ಯವನ್ನು ಕೊಡದವನ ಬಗ್ಗೆ ಪ್ರತಿಕೂಲ ಊಹೆ ಮಾಡಲು 1872ರ ಸಾಕ್ಷ್ಯ ಅಧಿನಿಯಮದ 114ನೆಯ ಕಲಮಿನಲ್ಲೇ ದಾರಿಯಿತ್ತು; ಲ್ಯಾಟಿನ್ ಸೂತ್ರದ ಹಂಗು ಬೇಕಿರಲಿಲ್ಲ. ಸೂತ್ರ ಸಾಕ್ಷ್ಯವನ್ನು ಅಳೆಯುವ ಒಂದು ಅನುಮಾನಕ್ರಮವಷ್ಟೇ ಆಗಿರಬಹುದೆಂಬ ಚರ್ಚೆ ಸಯ್ಯದ್ ಅಕ್ಬರ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 1979ರ ತೀರ್ಪಿನಲ್ಲೂ ಇದೆ. ಅದು ಕ್ರಿಮಿನಲ್ ಪ್ರಕರಣವೆಂಬ ಕಾರಣಕ್ಕೆ ನಮ್ಮ ಸಿವಿಲ್ ಟೀಕಾಕಾರರು ಅದನ್ನು ತೆರೆದೇ ನೋಡುವುದಿಲ್ಲ.