ಚಿಕ್ಕೋಡಿ ಭಾಗದ ಸಂಗೀತ ಮೇಳಗಳ ತಾಲೀಮು

ತಾಲೀಮು ಎಂಬುದು ಉತ್ತರ ಕರ್ನಾಟಕದಲ್ಲಿ ಹಾಡುಗಾರರು, ವಾದ್ಯಗಾರರು ಹಾಗೂ ಬಯಲಾಟದ ಕಲಾವಿದರು ಪ್ರದರ್ಶನಕ್ಕೆ ಮುನ್ನ ಒಟ್ಟುಗೂಡಿ ನಡೆಸುವ ಅಭ್ಯಾಸಕ್ಕಿರುವ ಹೆಸರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಭಜನಾ ಮಂಡಳಿ, ಡೊಳ್ಳಿನ ಮೇಳ, ಕರಡಿ ಮಜಲು, ಗೀಗೀ ಮೇಳ, ಶ್ರೀಕೃಷ್ಣ ಪಾರಿಜಾತದ ಮೇಳ, ಬ್ಯಾಂಡ್ ಕಂಪನಿ, ಬೆಂಜೊ ಪಾರ್ಟಿ, ರಸಮಂಜರಿ ತಂಡ ಮುಂತಾದ ಅನೇಕ ಬಗೆಯ ಸಂಗೀತ ತಂಡಗಳಿವೆ. ಇವುಗಳಲ್ಲಿ ಸ್ವಂತ ಕಟ್ಟಡವುಳ್ಳವು ವಿರಳ. ಗುಡಿಯ ಪೌಳಿ, ಮಠ, ಗರಡಿ ಮನೆ, ಮಸೂತಿಯ ಅಂಗಳ, ಸಮುದಾಯ ಭವನ, ಅಂಗಡಿ ಮಳಿಗೆ ಹಾಗೂ ತೋಟದ ಮನೆಗಳನ್ನು ಕೇಳಿ ಪಡೆದು, ಸರದಿಯ ಮೇಲೆ ಹಂಚಿಕೊಂಡು ತಾಲೀಮು ನಡೆಸುವುದು ಇಲ್ಲಿನ ರೂಢಿ. ಆದ್ದರಿಂದ ಮೇಳವೊಂದರ ಉಳಿವು ಕಲಾವಿದರ ಕೌಶಲದಷ್ಟೇ ಊರಿನ ಸಾರ್ವಜನಿಕ ಜಾಗಗಳ ಲಭ್ಯತೆಯನ್ನೂ ಅವಲಂಬಿಸಿದೆ.

ಪದದ ಹಿನ್ನೆಲೆ

'ತಾಲೀಮು' ಪದದ ಮೂಲ ಅರಬ್ಬಿಯ 'ತಅಲೀಮ್'. ಕಲಿಸುವಿಕೆ, ಶಿಕ್ಷಣ ಎಂಬುದು ಅದರ ಅರ್ಥ. ಪಾರ್ಸಿ, ಉರ್ದು ಮತ್ತು ಮರಾಠಿಗಳ ಮೂಲಕ ಈ ಪದ ಕನ್ನಡಕ್ಕೆ ಬಂದಿದೆ. ಹಿಂದೂಸ್ತಾನಿ ಸಂಗೀತದಲ್ಲಿ ಗುರುವು ಶಿಷ್ಯನಿಗೆ ಎದುರು ಕೂರಿಸಿಕೊಂಡು ನೀಡುವ ಪಾಠಕ್ಕೂ ಇದೇ ಹೆಸರಿದೆ. ಮರಾಠಿಯಲ್ಲಿ 'ತಾಲೀಮ್' ಎಂದರೆ ಕುಸ್ತಿಯ ಗರಡಿ ಮನೆಯೂ ಹೌದು. ನೆರೆಯ ಕೋಲ್ಹಾಪುರದಲ್ಲಿ ಓಣಿಗೊಂದರಂತೆ ಬೆಳೆದ ತಾಲೀಮ್ ಮಂಡಳಿಗಳು ಕುಸ್ತಿಯೊಂದಿಗೆ ಗಣೇಶೋತ್ಸವ, ಫುಟ್ಬಾಲ್ ತಂಡ ಹಾಗೂ ಮೆರವಣಿಗೆಯ ವಾದ್ಯವೃಂದಗಳನ್ನೂ ನಡೆಸಿಕೊಂಡು ಬಂದಿವೆ. ಗಡಿ ಭಾಗದ ಕನ್ನಡದಲ್ಲಿ 'ತಾಲೀಮಿಗೆ ಹೋಗುವುದು' ಎಂಬ ಮಾತು ಸಂದರ್ಭಕ್ಕೆ ತಕ್ಕಂತೆ ಕುಸ್ತಿ, ನಾಟಕ ಅಥವಾ ಹಾಡಿನ ಅಭ್ಯಾಸವನ್ನು ಸೂಚಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಈ ಐದು ತಾಲ್ಲೂಕುಗಳು ಮಹಾರಾಷ್ಟ್ರದ ಕೋಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳಿಗೆ ಹತ್ತಿರದಲ್ಲಿದ್ದು, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಲ್ಲಿ ಬೆಳೆದ ಕಬ್ಬಿನ ಸೀಮೆಯಾಗಿವೆ. ನಿಪ್ಪಾಣಿಯು ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ರಾಯಬಾಗವು 1949ರವರೆಗೆ ಕೋಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ನಿಪ್ಪಾಣಿ ಮತ್ತು ಕಾಗವಾಡಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು.

ಈ ಹಿನ್ನೆಲೆಯಿಂದಾಗಿ ಇಲ್ಲಿನ ಮೇಳಗಳು ಎರಡು ಭಾಷೆಗಳ ಸಂಪ್ರದಾಯಗಳನ್ನು ಬಳಸುತ್ತವೆ. ಒಂದೇ ಊರಿನಲ್ಲಿ ತತ್ವಪದ ಹಾಡುವ ಕನ್ನಡ ಭಜನಾ ಮಂಡಳಿಯೂ ಅಭಂಗ ಹಾಡುವ ವಾರಕರಿ ತಂಡವೂ ಇರುವುದು ಸಾಮಾನ್ಯ. ವಾದ್ಯಗಳ ಖರೀದಿ ಮತ್ತು ದುರಸ್ತಿಗೆ ಹತ್ತಿರದ ಕೇಂದ್ರವೆಂದರೆ ಕಾಗವಾಡದ ಗಡಿಯಾಚೆಯ ಮಿರಜ. ಸಿತಾರ್ ಮತ್ತು ತಂಬೂರಿಗಳ ತಯಾರಿಕೆಗೆ ಪ್ರಸಿದ್ಧವಾದ ಈ ಪಟ್ಟಣದ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೂಲಕ ಹಾದುಹೋಗುವ ಮಿರಜ–ಲೋಂಡಾ ರೈಲು ಮಾರ್ಗವು ಈ ಊರುಗಳನ್ನು ಮಿರಜಕ್ಕೆ ಜೋಡಿಸುತ್ತದೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮಿರಜ, ಇಚಲಕರಂಜಿ ಮತ್ತು ಕೋಲ್ಹಾಪುರಗಳು ಹಿಂದೂಸ್ತಾನಿ ಸಂಗೀತದ ಕೇಂದ್ರಗಳಾಗಿ ಬೆಳೆದವು. ಬಾಳಕೃಷ್ಣಬುವಾ ಇಚಲಕರಂಜಿಕರ್ ಅವರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಕಲಿತದ್ದು ಮಿರಜದಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರು 1937ರಲ್ಲಿ ತೀರಿಕೊಳ್ಳುವವರೆಗೂ ಮಿರಜವನ್ನು ನೆಲೆಯಾಗಿಸಿಕೊಂಡಿದ್ದರು. ಆ ಪರಂಪರೆಯಲ್ಲಿ ತಾಲೀಮಿನ ಸ್ಥಳ ಗುರುವಿನ ಮನೆಯೇ ಆಗಿತ್ತು.

ಜನಪದ ಮೇಳಗಳ ತಾಲೀಮು ಇದಕ್ಕಿಂತ ಭಿನ್ನವಾಗಿ ಊರಿನ ಸಾರ್ವಜನಿಕ ಜಾಗಗಳಲ್ಲಿ ನಡೆಯಿತು. ರಾಯಬಾಗ ತಾಲ್ಲೂಕಿಗೆ ನೆರೆಯಾದ, ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಕುಲಗೋಡದ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ರೂಪಿಸಿ ಪ್ರಚಾರಕ್ಕೆ ತಂದನು. ಪುರುಷರೇ ಸ್ತ್ರೀ ಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಈ ಆಟದ ಹೆಸರಾಂತ ಕಲಾವಿದೆಯಾದರು. ಪಾರಿಜಾತ, ಸಣ್ಣಾಟ ಮತ್ತು ಊರ ನಾಟಕಗಳಿಗೆ ಮಾಸ್ತರರೊಬ್ಬರನ್ನು ಕರೆಸಿ, ಪೇಟಿ ಹಾಗೂ ತಬಲಾ ಜೊತೆಗೂಡಿಸಿ, ರಾತ್ರಿ ಊಟವಾದ ಮೇಲೆ ಗುಡಿಯಲ್ಲಿ ವಾರಗಟ್ಟಲೆ ತಾಲೀಮು ನಡೆಸುವ ಪದ್ಧತಿ ಇಂದಿಗೂ ಉಳಿದಿದೆ.

ಗುಡಿಯ ಪೌಳಿ ಎಲ್ಲ ವಾದ್ಯಗಾರರಿಗೂ ಸಮಾನವಾಗಿ ತೆರೆದಿರಲಿಲ್ಲ. ಉತ್ಸವಕ್ಕೆ ಹಲಗೆ, ಸನಾದಿಗಳನ್ನು ನುಡಿಸುವ ಕೆಲಸ ಪರಂಪರೆಯಿಂದ ಕೆಲವು ಸಮುದಾಯಗಳ ಪಾಲಿಗೆ ಬಂದಿದ್ದರೂ, ಅಸ್ಪೃಶ್ಯತೆಯ ಕಾರಣ ಅವರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಅವರ ಅಭ್ಯಾಸ ತಮ್ಮ ಓಣಿಯಲ್ಲಿಯೇ ನಡೆಯುತ್ತಿತ್ತು. 1925ರ ಏಪ್ರಿಲ್‌ನಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿನಲ್ಲಿ ಪಾಲ್ಗೊಂಡಿದ್ದರು. ನಂತರದ ದಶಕಗಳಲ್ಲಿ ದಲಿತ ಓಣಿಗಳಲ್ಲಿ ನಿರ್ಮಾಣವಾದ ಅಂಬೇಡ್ಕರ್ ಭವನಗಳು ಭೀಮಗೀತೆ ಹಾಡುವ ತಂಡಗಳಿಗೂ ಹಲಗೆ ಮೇಳಗಳಿಗೂ ಬಾಗಿಲುಳ್ಳ ಮೊದಲ ತಾಲೀಮು ಜಾಗಗಳನ್ನು ಒದಗಿಸಿದವು.

ಮೇಳಗಳು ಮತ್ತು ಅವುಗಳ ಅಗತ್ಯ

ಭಜನಾ ಮಂಡಳಿ: ಏಕತಾರಿ, ತಾಳ, ದಮ್ಮಡಿ, ಹಾರ್ಮೋನಿಯಂ ಮತ್ತು ತಬಲಾ ಇವರ ವಾದ್ಯಗಳು. ಹತ್ತು ಹನ್ನೆರಡು ಜನ ಎದುರುಬದುರಾಗಿ ಕೂರಲು ಜಾಗವಿದ್ದರೆ ಸಾಕು. ವಾರದ ಭಜನೆಯೇ ಇವರಿಗೆ ಸೇವೆಯೂ ತಾಲೀಮೂ ಆಗಿರುತ್ತದೆ.

ಡೊಳ್ಳಿನ ಮೇಳ: ಬೀರಪ್ಪ ಹಾಗೂ ಮಾಯಕ್ಕ ದೇವರ ಪರಂಪರೆಗೆ ಸೇರಿದ ಹಾಡು–ವಾದನ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕದೇವಿ ಜಾತ್ರೆ ಭಾರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುತ್ತದೆ. ಡೊಳ್ಳಿನ ನಾದ ದೂರಕ್ಕೆ ಕೇಳುವುದರಿಂದ ಗುಡಿಯ ಮುಂದಿನ ಬಯಲನ್ನು ಬಳಸುತ್ತಾರೆ.

ಕರಡಿ ಮಜಲು: ಕರಡಿ, ಸನಾದಿ ಮತ್ತು ತಾಳಗಳು ಇದರ ಮುಖ್ಯ ವಾದ್ಯಗಳು. ನಡೆಯುತ್ತ, ನಿಲ್ಲುತ್ತ, ವೃತ್ತಾಕಾರವಾಗಿ ತಿರುಗುತ್ತ ನುಡಿಸುವ ಕಲೆಯಾದ್ದರಿಂದ ವಿಶಾಲವಾದ ನೆಲ ಬೇಕಾಗುತ್ತದೆ.

ಗೀಗೀ ಮೇಳ: ದಪ್ಪು, ತುಂತುಣಿ ಮತ್ತು ತಾಳಗಳೊಂದಿಗೆ ಹಾಡುವ ಚಿಕ್ಕ ತಂಡ. ಹರದೇಶಿ–ನಾಗೇಶಿ ವಾದದಲ್ಲಿ ಎದುರಾಳಿಗೆ ಉತ್ತರ ತೋಚದಂತೆ ಮಾಡುವುದೇ ಗೆಲುವಾದ್ದರಿಂದ, ಹೊಸ ಪದಗಳನ್ನು ಎದುರು ಮೇಳದವರ ಕಿವಿಗೆ ಬೀಳದ ತೋಟದ ಮನೆಯಲ್ಲಿ ಕಲಿಯುವುದುಂಟು.

ರಿವಾಯತ್ ಮೇಳ: ಮೊಹರಂ ಹಬ್ಬದಲ್ಲಿ ಕರ್ಬಲಾದ ಕಥೆಯನ್ನು ಹಾಡುವ ತಂಡ. ಹಿಂದೂ ಮುಸ್ಲಿಮರಿಬ್ಬರೂ ಇದರಲ್ಲಿ ಇರುತ್ತಾರೆ. ಪಂಜಾ ಕೂರಿಸುವ ಮಸೂತಿಯ ಅಂಗಳವೇ ಇದರ ತಾಲೀಮಿನ ಸ್ಥಳ.

ಬ್ಯಾಂಡ್ ಕಂಪನಿ ಮತ್ತು ಬೆಂಜೊ ಪಾರ್ಟಿ: ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್ ಹಾಗೂ ಡ್ರಮ್ಮುಗಳ ಬ್ಯಾಂಡು ಮದುವೆಯ ಮೆರವಣಿಗೆಯ ಅಂಗ. ಬೆಂಜೊ ಪಾರ್ಟಿಯಲ್ಲಿ ಗುಂಡಿಗಳನ್ನೊತ್ತಿ ನುಡಿಸುವ ತಂತಿವಾದ್ಯಕ್ಕೆ ಧ್ವನಿವರ್ಧಕ ಜೋಡಿಸಿರುತ್ತಾರೆ. ಇವು ಹಣ ಪಡೆದು ನುಡಿಸುವ ವೃತ್ತಿ ತಂಡಗಳು. ಪೇಟೆಯಲ್ಲಿ ಬುಕಿಂಗ್‌ಗಾಗಿ ಹಿಡಿದ ಮಳಿಗೆಯೇ ವಾದ್ಯಗಳ ಕೋಣೆಯೂ ಅಭ್ಯಾಸದ ಜಾಗವೂ ಆಗಿರುತ್ತದೆ.

ರಸಮಂಜರಿ ಮತ್ತು ಜಾನಪದ ಗೀತೆಯ ತಂಡ: ಕೀಬೋರ್ಡ್, ರಿದಂ ಪ್ಯಾಡ್, ಮೈಕುಗಳನ್ನು ಬಳಸುವ ಇವರಿಗೆ ವಿದ್ಯುತ್ ಹಾಗೂ ಬೀಗ ಹಾಕುವ ಕೋಣೆ ಬೇಕು. ಯೂಟ್ಯೂಬ್ ಮೂಲಕ ಉತ್ತರ ಕರ್ನಾಟಕ ಶೈಲಿಯ ಜಾನಪದ ಗೀತೆಗಳು ಪ್ರಚಾರ ಪಡೆದ ಮೇಲೆ ಧ್ವನಿಮುದ್ರಣದ ಸಣ್ಣ ಸ್ಟುಡಿಯೋಗಳೂ ತಾಲೀಮಿನ ತಾಣಗಳಾಗಿವೆ. ಈ ಬಗೆಯ ಹಾಡುಗಳಿಂದ ಹೆಸರಾದ ಗಾಯಕ ಮಾಳು ನಿಪನಾಳ ರಾಯಬಾಗ ತಾಲ್ಲೂಕಿನ ನಿಪನಾಳದವರು.

ಜಾಗ ಪಡೆಯುವ ಮತ್ತು ಹಂಚಿಕೊಳ್ಳುವ ಕ್ರಮ

ಹಳ್ಳಿಗಳಲ್ಲಿ ಗುಡಿಯ ಜಾಗಕ್ಕೆ ಅನುಮತಿ ನೀಡುವವರು ಊರಿನ ದೈವದವರು ಅಥವಾ ಗುಡಿಯ ಕಮಿಟಿಯವರು. ಸಮುದಾಯ ಭವನವಾದರೆ ಗ್ರಾಮ ಪಂಚಾಯಿತಿ ಅಥವಾ ಅದನ್ನು ನೋಡಿಕೊಳ್ಳುವ ಸಂಘದ ಒಪ್ಪಿಗೆ ಬೇಕು. ಬಾಡಿಗೆಯನ್ನು ಹಣದ ರೂಪದಲ್ಲಿ ಪಡೆಯುವುದು ಗುಡಿಗಳಲ್ಲಿ ಕಡಿಮೆ. ಜಾತ್ರೆಯಲ್ಲಿ, ಪಲ್ಲಕ್ಕಿ ಉತ್ಸವದಲ್ಲಿ ಪುಕ್ಕಟೆಯಾಗಿ ಸೇವೆ ಸಲ್ಲಿಸುವುದು, ಕಸ ಗುಡಿಸಿ ದೀಪ ಹಚ್ಚುವುದು, ವಿದ್ಯುತ್ ಬಿಲ್ಲಿಗೆ ವಂತಿಗೆ ಕೊಡುವುದು ಅದರ ಬದಲಿಗೆ ಸಲ್ಲುತ್ತವೆ.

ಸರದಿಯನ್ನು ಬಹುತೇಕ ದೇವರ ವಾರವೇ ನಿರ್ಧರಿಸುತ್ತದೆ. ಬಸವಣ್ಣ ಮತ್ತು ಈಶ್ವರ ಗುಡಿಗಳಲ್ಲಿ ಸೋಮವಾರ, ಹನುಮಪ್ಪನ ಗುಡಿಯಲ್ಲಿ ಶನಿವಾರ ಹಾಗೂ ಎಲ್ಲೆಡೆ ಅಮಾವಾಸ್ಯೆಯ ರಾತ್ರಿ ಭಜನೆಗೆ ಮೀಸಲು. ಉಳಿದ ದಿನಗಳು ಇತರ ಮೇಳಗಳ ಪಾಲಿಗೆ ಬರುತ್ತವೆ. ಹಾರ್ಮೋನಿಯಂ ಅಥವಾ ತಬಲಾ ಗುಡಿಗೆ ದಾನವಾಗಿ ಬಂದದ್ದಾದರೆ ಅದನ್ನು ಎಲ್ಲ ಮೇಳದವರೂ ಬಳಸಬಹುದು. ಪೆಟ್ಟಿಗೆಯ ಕೀಲಿ ಪೂಜಾರಿಯಲ್ಲಿರುತ್ತದೆ. ಮಹಿಳಾ ಭಜನಾ ಮಂಡಳಿಗಳು ಮನೆ ಹಾಗೂ ಹೊಲದ ಕೆಲಸಗಳ ನಡುವಿನ ಮಧ್ಯಾಹ್ನದ ಬಿಡುವನ್ನು ಆರಿಸಿಕೊಳ್ಳುವುದರಿಂದ ಒಂದೇ ಪೌಳಿಯು ಹಗಲಿನಲ್ಲಿ ಅವರಿಗೂ ರಾತ್ರಿಯಲ್ಲಿ ಪುರುಷರ ಮೇಳಕ್ಕೂ ಒದಗುತ್ತದೆ.

ಸರ್ಕಾರಿ ನೆರವು ಅಥವಾ ನಿವೇಶನ ಕೋರುವ ಮೇಳಗಳು ಸಂಘವಾಗಿ ನೋಂದಾಯಿಸಿಕೊಳ್ಳುತ್ತವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಇದಕ್ಕೆ ಕನಿಷ್ಠ 7 ಸದಸ್ಯರು ಬೇಕು.

ಕಾಲಮಾನ

ತಾಲೀಮಿನ ಕಾಲ ಕೃಷಿ ಮತ್ತು ಮುಹೂರ್ತಗಳನ್ನು ಅನುಸರಿಸುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಬ್ಯಾಂಡ್ ಕಂಪನಿಗಳು ಹೊಸ ಹಾಡುಗಳನ್ನು ಕೂರಿಸಿಕೊಳ್ಳುವುದು ಆಗಲೇ. ಶ್ರಾವಣ ಭಜನೆಯ ತಿಂಗಳು. ಭಾದ್ರಪದದ ಗಣೇಶೋತ್ಸವಕ್ಕೆ ಝಾಂಜ್ ಮತ್ತು ಲೇಜಿಮ್ ತಂಡಗಳು ಸಿದ್ಧವಾಗುತ್ತವೆ. ತುಳಸಿ ವಿವಾಹದ ನಂತರ ಮದುವೆಗಳೂ, ಅದೇ ವೇಳೆಗೆ ಕಬ್ಬಿನ ಕಟಾವೂ ಶುರುವಾಗುವುದರಿಂದ ಮೇಳದ ಎಲ್ಲರೂ ಒಂದೆಡೆ ಸೇರುವುದು ಕಷ್ಟ. ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬರುವ ದಿನಗಳಲ್ಲಿ ರೈತ ಕಲಾವಿದರು ಹೊಲಕ್ಕೆ ನೀರು ಹಾಯಿಸಲು ಹೋಗಬೇಕಾಗುತ್ತದೆ.

ಕಟ್ಟಡ ಮತ್ತು ನಾದ

ಕಲ್ಲಿನ ಗೋಡೆ, ಸಿಮೆಂಟಿನ ನೆಲ ಹಾಗೂ ಪತ್ರಾಸಿನ ಚಾವಣಿಗಳು ನಾದವನ್ನು ಹೀರಿಕೊಳ್ಳದೆ ಹಿಂದಿರುಗಿಸುತ್ತವೆ. ಖಾಲಿ ಸಮುದಾಯ ಭವನದಲ್ಲಿ ತಾಳದ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಲಯ ಅಸ್ಪಷ್ಟವಾಗುವುದು ಇದರಿಂದಲೇ. ನೆಲಕ್ಕೆ ಜಮಖಾನೆ ಹಾಸುವುದು, ಗೋಡೆಗೆ ಗೋಣಿಚೀಲ, ಕೌದಿ ಅಥವಾ ದಪ್ಪ ಪರದೆ ಕಟ್ಟುವುದು ಕಡಿಮೆ ಖರ್ಚಿನ ಪರಿಹಾರ. ಇವುಗಳಿಂದ ಒಳಗಿನ ಮಾರ್ದನಿ ತಗ್ಗುತ್ತದೆಯೇ ಹೊರತು ನಾದ ಹೊರಗೆ ಹೋಗುವುದು ನಿಲ್ಲುವುದಿಲ್ಲ. ಅದಕ್ಕೆ ದಪ್ಪ ಗೋಡೆಯೂ ಸಂದಿಯಿಲ್ಲದ ಬಾಗಿಲೂ ಬೇಕು. ಗೋಡೆಗೆ ಅಂಟಿಸುವ ಮೊಟ್ಟೆಯ ಟ್ರೇಗಳಿಂದ ಹೊರಗಿನವರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಮಳೆಗಾಲದ ತೇವಕ್ಕೆ ಚರ್ಮದ ಮುಚ್ಚಿಗೆ ಸಡಿಲಗೊಳ್ಳುವುದರಿಂದ ಹಲಗೆ ಮತ್ತು ದಪ್ಪುಗಳನ್ನು ಬೆಂಕಿಗೆ ಕಾಯಿಸಿಕೊಳ್ಳುತ್ತಾರೆ. ಇದಕ್ಕೆ ಮುಂಭಾಗದಲ್ಲಿ ತೆರೆದ ಅಂಗಳವಿರುವ ಕಟ್ಟಡ ಅನುಕೂಲ. ಮುಚ್ಚಿದ ಚಿಕ್ಕ ಮಳಿಗೆಯಲ್ಲಿ ಬ್ಯಾಂಡು ನುಡಿಸಿದರೆ ಶ್ರವಣಶಕ್ತಿಗೆ ಹಾನಿಯಾಗಬಹುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಅಂದರೆ 100 ಡೆಸಿಬೆಲ್‌ನಲ್ಲಿ ಸುರಕ್ಷಿತ ಅವಧಿ ಸುಮಾರು 15 ನಿಮಿಷ ಮಾತ್ರ.

ಕಾನೂನು

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಮತ್ತು ವಾದ್ಯಗಳನ್ನು ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನಗಳಂತಹ ಮುಚ್ಚಿದ ಆವರಣಗಳೊಳಗೆ ಇದಕ್ಕೆ ವಿನಾಯಿತಿ ಇದೆ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆಂದು ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ದಿನದ ದುಡಿಮೆ ಮುಗಿಸಿ ರಾತ್ರಿ ಒಂಬತ್ತರ ನಂತರ ಸೇರುವ ಮೇಳಗಳಿಗೆ ಈ ನಿಯಮಗಳಿಂದಾಗಿ ಬಯಲಿಗಿಂತ ಬಾಗಿಲು ಮುಚ್ಚಬಲ್ಲ ಭವನ ಹೆಚ್ಚು ಅಗತ್ಯವಾಗಿದೆ.

ಸಮಸ್ಯೆಗಳು

ಹಳೆಯ ಗುಡಿಗಳನ್ನು ಕೆಡವಿ ಹೊಸದಾಗಿ ಕಟ್ಟುವಾಗ ತೆರೆದ ಪೌಳಿಯ ಬದಲಿಗೆ ಬೀಗ ಹಾಕುವ ಕಲ್ಯಾಣ ಮಂಟಪ ಬರುವುದುಂಟು. ಮಂಟಪಕ್ಕೆ ಬಾಡಿಗೆ ಬರುವುದರಿಂದ ತಾಲೀಮಿಗೆ ಬಿಟ್ಟುಕೊಡುವ ದಿನಗಳು ಕಡಿಮೆಯಾಗುತ್ತವೆ. ನದಿ ತೀರದ ಊರುಗಳಲ್ಲಿ ಪ್ರವಾಹದ ತೊಂದರೆಯೂ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಈ ತಾಲ್ಲೂಕುಗಳ ಅನೇಕ ಗ್ರಾಮಗಳು ಜಲಾವೃತವಾದವು. 2021ರ ಜುಲೈಯಲ್ಲಿಯೂ ನೆರೆ ಬಂದಿತು. ನೆರೆಯ ದಿನಗಳಲ್ಲಿ ಶಾಲೆ ಮತ್ತು ಭವನಗಳು ಸಂತ್ರಸ್ತರ ಕಾಳಜಿ ಕೇಂದ್ರಗಳಾಗುತ್ತವೆ. ತೇವಕ್ಕೆ ಸಿಕ್ಕ ಹಾರ್ಮೋನಿಯಂ ಹಾಗೂ ಚರ್ಮವಾದ್ಯಗಳು ಸುಲಭವಾಗಿ ದುರಸ್ತಿಯಾಗುವುದಿಲ್ಲ. 2020ರ ಮಾರ್ಚ್‌ನಿಂದ ಕೋವಿಡ್ ನಿರ್ಬಂಧಗಳಿಂದಾಗಿ ಜಾತ್ರೆ, ಮದುವೆಗಳು ನಿಂತಾಗ ಗುಡಿಗಳೂ ಮುಚ್ಚಿದ್ದರಿಂದ ಮೇಳಗಳು ಆದಾಯವನ್ನೂ ಸೇರುವ ಜಾಗವನ್ನೂ ಒಟ್ಟಿಗೆ ಕಳೆದುಕೊಂಡವು.

ಡೊಳ್ಳಿನ ಹಾಡು, ಗೀಗೀ ಪದ ಹಾಗೂ ಪಾರಿಜಾತಗಳಲ್ಲಿ ಬಹುಪಾಲು ಕಲಿಕೆ ಕೇಳಿಯೇ ಆಗುವಂಥದ್ದು. ತಾಲೀಮಿನ ರಾತ್ರಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳುವ ಹುಡುಗರು ಮೊದಲು ತಾಳ ಹಿಡಿದು, ಬಳಿಕ ಹಿಮ್ಮೇಳಕ್ಕೆ ಸೇರಿ, ಮುಂದೆ ಮೇಳ ನಡೆಸುವವರಾಗುತ್ತಾರೆ. ಬಾಡಿಗೆಯ ಕೋಣೆಯಲ್ಲಿ ಮೇಳದ ಸದಸ್ಯರಷ್ಟೇ ಇರುವುದರಿಂದ, ತೆರೆದ ಪೌಳಿಯ ತಾಲೀಮು ಕಡಿಮೆಯಾದಂತೆ ಕಲಿಕೆಯ ಈ ದಾರಿಯೂ ಕಿರಿದಾಗುತ್ತದೆ.

ಇವನ್ನೂ ನೋಡಿ

ಕರಡಿ ಮಜಲು
ಗೀಗೀ ಪದ
ಶ್ರೀಕೃಷ್ಣ ಪಾರಿಜಾತ
ಚಿಂಚಲಿ
ಮಿರಜ
ಗರಡಿ ಮನೆ