ಕೊಂಡವರು ಯಾರು, ಕಳೆದುಕೊಂಡವರು ಯಾರು: ಕಿಂಗ್‌ಫಿಷರ್–ಡೆಕ್ಕನ್ ವಿಲೀನದ ಮರುಪರಿಶೀಲನೆ

ಕಂಪನಿಗಳ ವಿಲೀನ ಏಕೆ ಮುರಿದುಬೀಳುತ್ತದೆ ಎಂಬ ಚರ್ಚೆಯಲ್ಲಿ ರಿಚರ್ಡ್ ರೋಲ್ 1986ರಲ್ಲಿ ಮಂಡಿಸಿದ ವಾದವನ್ನು ಬದಿಗಿಡುವಂತಿಲ್ಲ. ಕೊಳ್ಳುವ ಕಂಪನಿಯ ಮುಖ್ಯಸ್ಥರು ತಮ್ಮ ಅಂದಾಜನ್ನೇ ಅತಿಯಾಗಿ ನಂಬಿ ಹೆಚ್ಚು ಬೆಲೆ ತೆರುತ್ತಾರೆ. ಆ ಹೆಚ್ಚುವರಿ ಹಣ ಕೊಂಡ ಕಂಪನಿಯ ಷೇರುದಾರರ ಕಿಸೆಯಿಂದ ಮಾರಿದ ಕಂಪನಿಯ ಷೇರುದಾರರ ಕಿಸೆಗೆ ಇಳಿಯುತ್ತದೆ ಎಂಬುದು ಅದರ ತಿರುಳು. 1998ರಿಂದ 2001ರವರೆಗೆ ಅಮೆರಿಕದಲ್ಲಿ ಕೊಳ್ಳುವ ಕಂಪನಿಗಳ ಷೇರುದಾರರು ಸುಮಾರು 24,000 ಕೋಟಿ ಡಾಲರ್ ಕಳೆದುಕೊಂಡರೆಂದು ಮೊಲ್ಲರ್, ಶ್ಲಿಂಗೆಮನ್ ಮತ್ತು ಸ್ಟುಲ್ಜ್ 2005ರಲ್ಲಿ ಲೆಕ್ಕ ಹಾಕಿದರು. ನೌಕರರ ಕಡೆಯಿಂದ ನೋಡಿದ ಮಾರ್ಕ್ಸ್ ಮತ್ತು ಮಿರ್ವಿಸ್, ವಿಲೀನದ ಸುದ್ದಿ ಹಬ್ಬಿದೊಡನೆ ಕಚೇರಿಗಳಲ್ಲಿ ಹುಟ್ಟುವ ಆತಂಕ, ಗುಸುಗುಸು ಮತ್ತು ‘ನಾವು–ಅವರು’ ಎಂಬ ಬಣಭಾವವನ್ನು 1980ರ ದಶಕದಲ್ಲೇ ವಿವರಿಸಿದ್ದರು. ಇಲ್ಲಿಯವರೆಗೆ ದೊಡ್ಡ ತಕರಾರಿಲ್ಲ.

ತಕರಾರು ಏಳುವುದು ಬೆಂಗಳೂರಿನ ಒಂದು ಪ್ರಕರಣವನ್ನು ಈ ಚೌಕಟ್ಟಿಗೆ ಕೂರಿಸಲು ಹೊರಟಾಗ.

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿತು. ಮಾತೃಸಂಸ್ಥೆ ಡೆಕ್ಕನ್ ಏವಿಯೇಷನ್ 2006ರಲ್ಲಿ ತಲಾ 148 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ಮಾರಿತು. ಪೇಟೆಯಲ್ಲಿ ನೋಂದಣಿಯಾದ ದಿನವೇ ಬೆಲೆ ಅದಕ್ಕಿಂತ ಕೆಳಗಿತ್ತು. ಮರುವರ್ಷ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಒಡೆಯ ವಿಜಯ್ ಮಲ್ಯ ಅವರ ಯುಬಿ ಸಮೂಹ 155 ರೂಪಾಯಿ ದರದಲ್ಲಿ 26 ಶೇಕಡಾ ಪಾಲನ್ನು ಸುಮಾರು 550 ಕೋಟಿಗೆ ಕೊಂಡಿತು. ನಿಯಮದಂತೆ ಉಳಿದ ಷೇರುದಾರರಿಂದ ಇನ್ನೂ 20 ಶೇಕಡಾ ಷೇರುಗಳನ್ನು ಕೊಳ್ಳಲು ಓಪನ್ ಆಫರ್ ನೀಡಿತು. ಅದೇ 2007ರಲ್ಲಿ ಜೆಟ್ ಏರ್‌ವೇಸ್ 1,450 ಕೋಟಿ ಕೊಟ್ಟು ಸಹಾರಾ ವಿಮಾನ ಸಂಸ್ಥೆಯನ್ನು ಕೊಂಡಿತ್ತು. ಹಾಗಾಗಿ ಎರಡನ್ನೂ ಒಂದೇ ಹುಮ್ಮಸ್ಸಿನ ಫಲವೆಂದು ಬಗೆದು ರೋಲ್ ಸೂತ್ರದಡಿ ಸೇರಿಸುವುದು ವಾಡಿಕೆಯಾಯಿತು.

ಆದರೆ 2008ರ ವಿಲೀನದ ರಚನೆಯನ್ನು ಗಮನಿಸಿದರೆ ಈ ವರ್ಗೀಕರಣ ಸಡಿಲಗೊಳ್ಳುತ್ತದೆ. ಡೆಕ್ಕನ್ ಹೋಗಿ ಕಿಂಗ್‌ಫಿಷರ್‌ನಲ್ಲಿ ಸೇರಲಿಲ್ಲ. ಷೇರುಪೇಟೆಯಲ್ಲಿ ನೋಂದಣಿಯೇ ಆಗಿರದ ಕಿಂಗ್‌ಫಿಷರ್ ಬಂದು ಡೆಕ್ಕನ್ ಏವಿಯೇಷನ್ನಿನಲ್ಲಿ ಸೇರಿತು. ಕರ್ನಾಟಕ ಹೈಕೋರ್ಟ್ ಯೋಜನೆಗೆ ಒಪ್ಪಿಗೆ ನೀಡಿದ ಮೇಲೆ ಡೆಕ್ಕನ್ ಏವಿಯೇಷನ್ನಿಗೇ ಕಿಂಗ್‌ಫಿಷರ್ ಏರ್‌ಲೈನ್ಸ್ ಎಂಬ ಹೆಸರು ಬಂತು. ಕಾರಣವೂ ಗುಟ್ಟಿನದಲ್ಲ. ಆಗಿನ ನಿಯಮದ ಪ್ರಕಾರ ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನಗಳಿರಬೇಕು. 2005ರ ಮೇ ತಿಂಗಳಲ್ಲಿ ಆರಂಭವಾದ ಕಿಂಗ್‌ಫಿಷರ್‌ಗೆ ಆ ಅರ್ಹತೆ 2010ಕ್ಕೆ ದಕ್ಕುತ್ತಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲೇ ಐದು ತುಂಬಿತು. ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ ವಿಮಾನ ಹೊರಟಿತು.

ಈ ತಿರುವುಮುರುವಿನಿಂದ ರೋಲ್ ಸೂತ್ರದ ಗೆಲ್ಲುವವರು ಮತ್ತು ಸೋಲುವವರು ಅದಲುಬದಲಾಗುತ್ತಾರೆ. ರೋಲ್ ಪ್ರಕಾರ ಗುರಿಯಾದ ಕಂಪನಿಯ ಷೇರುದಾರನಿಗೆ ಲಾಭ. ಇಲ್ಲಿ ಆ ಲಾಭ ಸಿಕ್ಕಿದ್ದು 155 ರೂಪಾಯಿಗೆ ಕೊಟ್ಟು ಹೊರಬಂದವರಿಗೆ ಮಾತ್ರ. ಓಪನ್ ಆಫರ್ 20 ಶೇಕಡಾಕ್ಕೆ ಸೀಮಿತವಾಗಿದ್ದರಿಂದ ಎಲ್ಲರೂ ಬಯಸಿದ್ದರೂ ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ. ಷೇರು ಇಟ್ಟುಕೊಂಡವನು ತಾನು ಕೊಳ್ಳದೇ ಇದ್ದ ಕಂಪನಿಯ ನಷ್ಟಕ್ಕೂ ಪಾಲುದಾರನಾದ. ವಿಲೀನಗೊಂಡ ಕಂಪನಿಯ 2008–09ರ ನಷ್ಟ ಸುಮಾರು 1,609 ಕೋಟಿ, ಮರುವರ್ಷ 1,647 ಕೋಟಿ. 2011ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಪೇಟೆಯ ದರಕ್ಕಿಂತ 61.6 ಶೇಕಡಾ ಹೆಚ್ಚಿಗೆ, ಅಂದರೆ 64.48 ರೂಪಾಯಿಗೆ, ಸಾಲವನ್ನು ಷೇರಾಗಿ ಪಡೆದವು. ಪೇಟೆಯಲ್ಲಿ ಆಗ ಅದರ ಬೆಲೆ 40 ರೂಪಾಯಿಯಷ್ಟಿತ್ತು ಎಂದಾಯಿತು. 2006ರಲ್ಲಿ 148 ಕೊಟ್ಟವನ ಹೂಡಿಕೆಯ ಸುಮಾರು ಮುಕ್ಕಾಲು ಭಾಗ ಕರಗಿತ್ತು.

ಈ ವಾದವನ್ನು ಅಳತೆ ಮೀರಿ ಎಳೆಯಬಾರದು. ಡೆಕ್ಕನ್ ವಿಲೀನಕ್ಕೂ ಮೊದಲೇ ನಷ್ಟದಲ್ಲಿತ್ತು. 2008ರ ಜುಲೈನಲ್ಲಿ ಕಚ್ಚಾತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತು. ಬೆನ್ನಿಗೇ ಜಾಗತಿಕ ಹಣಕಾಸು ಬಿಕ್ಕಟ್ಟು ಬಂತು. ಯುಬಿ ಸಮೂಹ ವೆಚ್ಚ ಉಳಿತಾಯ ಮತ್ತು ಮಾರುಕಟ್ಟೆ ಪಾಲನ್ನೂ ಲೆಕ್ಕಕ್ಕೆ ಹಿಡಿದಿದ್ದರಿಂದ ವಿದೇಶ ಹಾರಾಟದ ಅನುಮತಿಯೊಂದೇ ಖರೀದಿಯ ಉದ್ದೇಶ ಎನ್ನಲಾಗದು. ಕಡಿಮೆ ದರದ ಡೆಕ್ಕನ್ನನ್ನು ‘ಕಿಂಗ್‌ಫಿಷರ್ ರೆಡ್’ ಮಾಡಿ, 2011ರಲ್ಲಿ ಅದನ್ನೂ ಕೈಬಿಟ್ಟದ್ದು ವಿಲೀನಾನಂತರದ ಪ್ರತ್ಯೇಕ ತಪ್ಪು. ಷೇರು ಕುಸಿತದಲ್ಲಿ ವಿಲೀನದ ಪಾಲೆಷ್ಟು ಎಂದು ಶೇಕಡಾವಾರು ಬಿಡಿಸಿ ಹೇಳುವುದು ದುಡುಕಾದೀತು. ಇಷ್ಟು ಹೇಳಬಹುದು: ನಷ್ಟ ಎಲ್ಲಿಂದಲೇ ಬಂದಿರಲಿ, ಅದನ್ನು ಯಾರು ಹೊರಬೇಕೆಂದು ನಿರ್ಧರಿಸಿದ್ದು ವಿಲೀನದ ರಚನೆ.

ಷೇರುದಾರರ ಕಥೆ ಹೀಗಾದರೆ, ನೌಕರರ ನಂಬಿಕೆ ಮುರಿದ ಬಗೆ ಬೇರೆಯೇ. 2007ರಲ್ಲಿ ಒಂದಾದ ಏರ್ ಇಂಡಿಯಾ–ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಬಿರುಕು ಹೊಲಿಗೆಯ ಗೆರೆಯಲ್ಲೇ ಬಿಟ್ಟಿತು: 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರು, ಸರ್ಕಾರ ಧರ್ಮಾಧಿಕಾರಿ ಸಮಿತಿ ನೇಮಿಸಿತು. ಕಿಂಗ್‌ಫಿಷರ್‌ನಲ್ಲಿ 2012ರ ಮುಷ್ಕರದ ಬೇಡಿಕೆಯಾದರೋ ಬಾಕಿ ಸಂಬಳ. ಸಂಬಳದಿಂದ ಕಡಿತ ಮಾಡಿದ ಆದಾಯ ತೆರಿಗೆಯೂ ಖಜಾನೆಗೆ ಪೂರ್ತಿ ಹೋಗಿರಲಿಲ್ಲ. ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು. ಇಲ್ಲಿ ನಂಬಿಕೆ ಮುರಿದದ್ದು ಮೂಲ ಕಂಪನಿ ಯಾವುದೆಂಬ ಭೇದದ ಮೇಲಲ್ಲ.

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಗಳ ಜನ ಹತ್ತಿರದಿಂದ ಕಂಡ ವಿಲೀನವೊಂದು ನಂಬಿಕೆಯ ಈ ಮಾತಿಗೆ ಒರೆಗಲ್ಲಾಗಬಲ್ಲದು. 1913ರಲ್ಲಿ ಹುಟ್ಟಿದ ‘ಮೈಸೂರು ಬ್ಯಾಂಕು’ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಮೈಸೂರು ಬ್ಯಾಂಕಿನ 10 ಷೇರಿಗೆ ಸ್ಟೇಟ್ ಬ್ಯಾಂಕಿನ 22 ಷೇರು ಸಿಕ್ಕಿತು. ನೌಕರ ಸಂಘಗಳು 2016ರಲ್ಲೇ ಮುಷ್ಕರ ಹೂಡಿ ವಿರೋಧಿಸಿದ್ದವು. ಬುಕ್ಕಾಪಟ್ಟಣದ ಕಡೆಯ ರೈತರ ಪಾಸ್‌ಬುಕ್ಕಿನ ಹೆಸರು ಬದಲಾಯಿತು, ನೌಕರರ ಸಂಬಳ ನಿಲ್ಲಲಿಲ್ಲ. ಅಸಮಾಧಾನವೂ ಅಪನಂಬಿಕೆಯೂ ಒಂದೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ. ಮಾರ್ಕ್ಸ್–ಮಿರ್ವಿಸ್ ಚೌಕಟ್ಟು ಮೊದಲನೆಯದನ್ನು ವಿವರಿಸುವಷ್ಟು ಚೆನ್ನಾಗಿ ಎರಡನೆಯದನ್ನು ವಿವರಿಸದು. ಆದರೂ ಸರ್ಕಾರಿ ಬ್ಯಾಂಕನ್ನು ಖಾಸಗಿ ವಿಮಾನ ಸಂಸ್ಥೆಯೊಡನೆ ಹೋಲಿಸುವುದಕ್ಕೆ ಮಿತಿಯಿದೆ: ಒಂದರ ಬೆನ್ನಿಗೆ ಸರ್ಕಾರವಿತ್ತು, ಇನ್ನೊಂದರ ಬೆನ್ನಿಗೆ ಸಾಲ ಕೊಟ್ಟವರಿದ್ದರು.

ಹೀಗಾಗಿ ಈ ಲೇಖನದ ತೀರ್ಮಾನ ಒಂದೇ ಪ್ರಕರಣಕ್ಕೆ ಸೀಮಿತ. ನೋಂದಾಯಿತ ಕಂಪನಿಯೊಳಗೆ ನೋಂದಣಿಯಿಲ್ಲದ ಕಂಪನಿ ಬಂದು ಸೇರಿದ ಬೇರೆ ವಿಲೀನಗಳಲ್ಲೂ ಹಳೆಯ ಸಣ್ಣ ಹೂಡಿಕೆದಾರರೇ ಹೊರೆ ಹೊತ್ತರೇ ಎಂಬುದನ್ನು ಪರೀಕ್ಷಿಸಬೇಕು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಕಿಂಗ್‌ಫಿಷರನ್ನು ಮುಚ್ಚಲು ಆದೇಶಿಸಿದ ಬಳಿಕ ಅಧಿಕೃತ ಲಿಕ್ವಿಡೇಟರ್ ಮುಂದೆ ಬಂದ ನೌಕರರ ಬಾಕಿ ದಾವೆಗಳನ್ನು ಮೂಲ ಕಂಪನಿಯ ಆಧಾರದಲ್ಲಿ ವಿಂಗಡಿಸಿ ಓದಿದರೆ, ನಂಬಿಕೆಯ ಬಗೆಗಿನ ಮೇಲಿನ ಮಾತು ನಿಲ್ಲುತ್ತದೋ ತಿದ್ದಬೇಕೋ ತಿಳಿದೀತು.